ಹೊಸ ಫೋಟೋಶಾಪ್ ಬೇಕಾ, ಬೇಡ್ವಾ?

ಮದ್ದೂರಿನ ಮದುವೆ ಆಲ್ಬಂ ನಾಳೆ ಕೊಡ್ಬೇಕು. ಮಂಡ್ಯದ ನಮ್ಮ ಸ್ಟುಡಿಯೋದಲ್ಲಿರೋದು ಫೋಟೋಶಾಪ್ ಸಿಎಸ್6, 2012ರ ಹಳೇ ಆವೃತ್ತಿ. ಹೊಸ ಕ್ಯಾಮೆರಾದ ರಾ ಫೈಲ್, ಅಂದ್ರೆ ಕ್ಯಾಮೆರಾ ಕೊಡೋ ಕಚ್ಚಾ ಫೋಟೋ, ಇದ್ರಲ್ಲಿ ಓಪನ್ನೇ ಆಗಲ್ಲ! ಎಲ್ಲಾನೂ ಮೊದಲು ಇದ್ರಲ್ಲಿ ಓಪನ್ ಆಗೋ ಡಿಎನ್‌ಜಿ ಅನ್ನೋ ಥರದ ಫೈಲ್ ಮಾಡ್ಕೊಂಡು ಕೂರ್ಬೇಕು. ಧಾರೆ, ಆರತಕ್ಷತೆ, ಬೀಗರೂಟ, ಸಾವಿರಾರು ಫೋಟೋ. ನಿದ್ದೆ ಯಾವಾಗ ಮಾಡೋದು?

ಹೊಸದು ತಗೊಳ್ಳೋಣ ಅಂದ್ರೆ ಕೊಳ್ಳೋಕೆ ಎಲ್ಲಿದೆ? 2013ರಲ್ಲೇ ಹೊಸ ಆವೃತ್ತಿಗಳೆಲ್ಲ ಬಾಡಿಗೆಗೆ ಹೋದ್ವು. ಆಷಾಢದಲ್ಲಿ ಒಂದೂ ಮದುವೆ ಇರಲ್ಲ, ಆಗ್ಲೂ ದುಡ್ಡು ಕಟ್ಬೇಕಾ? ಕಟ್ಟಿದ್ರೂ ಈ ಹಳೇ ಕಂಪ್ಯೂಟರ್ ಅದನ್ನ ತಡ್ಕೊಳ್ಳುತ್ತಾ?

ಸಾಲದ್ದಕ್ಕೆ ಕೈಗೆ ಕೂತಿದ್ದ ರೂಢಿಯನ್ನೂ ಕೆಡಿಸವ್ರೆ. ಶಿಫ್ಟ್ ಒತ್ತಿ ಮೂಲೆ ಹಿಡಿದು ಎಳೆದ್ರೆ ಫೋಟೋ ಅಳತೆ ಕೆಡ್ತಿರಲಿಲ್ಲ. ಹೊಸದ್ರಲ್ಲಿ ಅದು ಉಲ್ಟಾ, ಶಿಫ್ಟ್ ಒತ್ತಿದ್ರೆ ಮದುಮಗಳ ಮುಖ ಅಡ್ಡಡ್ಡ ಹಿಗ್ಗುತ್ತೆ. ಇದನ್ನ ಬದಲಾಯಿಸಿ ಅಂತ ಯಾರಪ್ಪಾ ಕೇಳಿದ್ರು?