ಅವನು ಇವತ್ತು ಆಡ್ತಾನಾ?

ಏಪ್ರಿಲ್ ಬಂತು ಅಂದರೆ ಸಾಕು, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅಭಿಮಾನಿಗಳೆಲ್ಲ ಮೂಳೆ ಡಾಕ್ಟರುಗಳಾಗಿಬಿಡುತ್ತಾರೆ. ಅಕ್ಟೋಬರಿನಿಂದ 82 ಪಂದ್ಯಗಳಲ್ಲಿ ಹೆಚ್ಚಿನವನ್ನು ಆಡಿ ಆಡಿ ತಂಡಗಳು ಸುಸ್ತಾಗಿರುತ್ತವೆ. ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಪ್ಲೇಆಫ್ ಸುತ್ತು ಶುರುವಾಗಲು ಎರಡೋ ಮೂರೋ ವಾರ ಉಳಿದಿರುತ್ತದೆ. ಅಷ್ಟರಲ್ಲಿ ಯಾವುದಾದರೊಂದು ತಂಡದ ಹಿರಿಯ ಆಟಗಾರ, ಮೂವತ್ತೈದರ ಆಸುಪಾಸಿನವನು, ಜರ್ಸಿ ಬಿಟ್ಟು ಕೋಟು ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿರುತ್ತಾನೆ. ಮೀನಖಂಡವೋ, ಮಂಡಿಯೋ, ಪಾದವೋ, ಏನೋ ಒಂದು ಕೈಕೊಟ್ಟಿರುತ್ತದೆ. ‘ಬರ್ತಾನಾ?’ ಅನ್ನೋದು ಮೊದಲ ಪ್ರಶ್ನೆ. ‘ಬರಬೇಕಾ?’ ಅನ್ನೋದು ಎರಡನೆಯದು. ಮೊದಲನೆಯದರ ಉತ್ತರ ತಂಡದ ಡಾಕ್ಟರಿಗೆ ಗೊತ್ತು. ಎರಡನೆಯದರ ಉತ್ತರ ನಮಗೆಲ್ಲರಿಗೂ ಗೊತ್ತು.

ತಂಡದವರು ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರೋಣ ಅಂದರೆ, ಅವರು ಹೇಳುವುದಾದರೂ ಏನು? ಗಾಯಾಳುಗಳ ಪಟ್ಟಿಯನ್ನು ಪಂದ್ಯಕ್ಕೆ ಮೊದಲೇ ಕೊಡಬೇಕು ಅಂತ ಲೀಗಿನ ನಿಯಮ. ಆ ಪಟ್ಟಿಯಲ್ಲಿ ನಾವು ಹುಡುಕುವುದು ನಾಲ್ಕು ಪದ. ಪ್ರಾಬಬಲ್, ಕ್ವೆಶ್ಚನಬಲ್, ಡೌಟ್‌ಫುಲ್, ಔಟ್. ಮೊದಲನೆಯದು ಬಂದರೆ ಹಬ್ಬ. ಕೊನೆಯದು ಬಂದರೆ ಆ ದಿನದ ಮಟ್ಟಿಗೆ ನೆಮ್ಮದಿ, ಬೇರೆ ಕೆಲಸ ನೋಡಬಹುದು. ನಡುವಿನ ಎರಡಿವೆಯಲ್ಲ, ಪ್ರಾಣ ತಿನ್ನುವುದು ಅವೇ. ಕ್ವೆಶ್ಚನಬಲ್ ಅಂದರೆ ಆಡಿದರೂ ಆಡಬಹುದು, ಬಿಟ್ಟರೂ ಬಿಡಬಹುದು. ಅಡ್ಡಗೋಡೆ ಮೇಲಿನ ದೀಪ. ನಿನ್ನೆ ಡೌಟ್‌ಫುಲ್ ಆಗಿದ್ದವನು ಇವತ್ತು ಕ್ವೆಶ್ಚನಬಲ್ ಆದ ಅಂತ ಕುಣಿದಾಡುವ ಜನ ಈ ಆಟದ ಹೊರಗೆ ಸಿಗುವುದು ಕಷ್ಟ.

ಇಂಥ ಹೊತ್ತಿನಲ್ಲಿ ಒಂದು ವಿಡಿಯೋ ಬರುತ್ತದೆ. ಏಳೆಂಟು ಸೆಕೆಂಡಿನದು. ಪಂದ್ಯಕ್ಕೆ ಇನ್ನೂ ಗಂಟೆಗಟ್ಟಲೆ ಸಮಯವಿದೆ, ಕುರ್ಚಿಗಳೆಲ್ಲ ಖಾಲಿ. ಸಹಾಯಕ ಕೋಚ್ ಚೆಂಡು ಕೊಡುತ್ತಾನೆ. ನಮ್ಮ ಹಿರಿಯ ಮೂಲೆಯಿಂದ ಎಗರಿ ಎಸೆಯುತ್ತಾನೆ, ಇಳಿಯುತ್ತಾನೆ. ಚೆಂಡು ಬುಟ್ಟಿಗೆ ಬಿತ್ತಾ ಇಲ್ಲವಾ ಅಂತ ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣೂ ಪಾದದ ಮೇಲೆ. ಎರಡು ಪಾದವೂ ಒಟ್ಟಿಗೇ ನೆಲಕ್ಕೆ ಬಂದವಾ? ಬಲಗಾಲು ಒಂದು ಚೂರು ಮುಂಚೆ ಊರಿದ ಹಾಗಿದೆಯಲ್ಲ? ಇಳಿದ ಮೇಲೆ ಭಾರ ಯಾವ ಕಡೆ ಹಾಕಿದ? ಮುಂದಿನ ಚೆಂಡಿಗೆ ಕೈ ಚಾಚುವ ಮುಂಚೆ ಎಡಗಾಲನ್ನು ಒಮ್ಮೆ ಒದರಿದನಲ್ಲ, ಅದು ನೋವಾ, ಅಭ್ಯಾಸವಾ? ಹತ್ತು ವರ್ಷ ಹಳೆಯ ಪಂದ್ಯ ತೆಗೆದು, ‘ನೋಡಿ, ಆಗಲೂ ಹೀಗೇ ಒದರುತ್ತಿದ್ದ’ ಅಂತ ತೋರಿಸುವ ಪುಣ್ಯಾತ್ಮರಿದ್ದಾರೆ. ಇನ್ನೊಬ್ಬ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ಸಾಕ್ಸಿನ ಒಳಗೆ ಪಟ್ಟಿ ಕಟ್ಟಿದ್ದಾರೆ ಅನ್ನುತ್ತಾನೆ. ಮತ್ತೊಬ್ಬ ಅದು ನೆರಳು ಅನ್ನುತ್ತಾನೆ. ಎಲ್ಲರಿಗಿಂತ ಜಾಣನೊಬ್ಬ ಕೊನೆಗೆ ಬರುತ್ತಾನೆ. ‘ಬರೀ ಎಸೆಯೋದು ತೋರಿಸಿದ್ದಾರೆ, ಪಕ್ಕಕ್ಕೆ ಜರುಗೋದು ತೋರಿಸಿಲ್ಲ. ಎದುರಾಳಿ ನುಗ್ಗಿ ಬಂದಾಗ ಅಡ್ಡ ಹೋಗೋದಕ್ಕೆ ಆಗುತ್ತಾ?’ ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಎಗರಿ ಎಸೆಯುವುದು ವಾಸಿಯಾಗುತ್ತಿರುವ ಕಾಲಿಗೂ ಸಾಧ್ಯ. ಥಟ್ಟನೆ ನಿಂತು ದಿಕ್ಕು ಬದಲಿಸುವುದೇ ಪರೀಕ್ಷೆ.

ಆಮೇಲೆ ಜನ ಎರಡು ಪಕ್ಷವಾಗುತ್ತಾರೆ. ಆಡಲಿ ಅನ್ನುವವರು, ಕೂರಲಿ ಅನ್ನುವವರು. ನನಗೆ ಮಜಾ ಅನ್ನಿಸುವುದು ಇಬ್ಬರ ಕೈಯಲ್ಲಿರುವ ಕಾರಣವೂ ಒಂದೇ ಅನ್ನುವುದು. ಅವನ ವಯಸ್ಸು. ‘ಇನ್ನೆಷ್ಟು ವರ್ಷ ಆಡ್ತಾನೆ ಹೇಳಿ, ಇದೇ ಕೊನೆಯ ಅವಕಾಶ ಇರಬಹುದು, ಇಳಿಯಲಿ ಬಿಡಿ’ ಅಂತ ಒಬ್ಬರು. ‘ಇನ್ನೆಷ್ಟು ವರ್ಷ ಆಡ್ತಾನೆ ಹೇಳಿ, ಇರೋ ಒಂದೆರಡು ವರ್ಷಾನೂ ಹಾಳು ಮಾಡಬೇಕಾ’ ಅಂತ ಇನ್ನೊಬ್ಬರು. ಇಪ್ಪತ್ತೆರಡರ ಹುಡುಗನ ವಿಷಯದಲ್ಲಿ ಈ ಗೊಂದಲ ಕಡಿಮೆ. ಅವನ ಮುಂದೆ ಹತ್ತು ವರ್ಷ ಇದೆ, ಕೂರಿಸಿ ಅಂದರೆ ಹೆಚ್ಚಿನವರು ತಲೆಯಾಡಿಸುತ್ತಾರೆ. ಹಿರಿಯನ ವಿಷಯದಲ್ಲಿ ಹಾಗಲ್ಲ. ವಾದ ಎಷ್ಟು ಹೊತ್ತು ನಡೆದರೂ ಯಾರೂ ಸೋಲುವುದಿಲ್ಲ.

ಯಾರೂ ಸೋಲದಿರಲು ಇನ್ನೊಂದು ಕಾರಣವೂ ಇದೆ. ಎರಡೂ ಪಕ್ಷಕ್ಕೆ ಅವರವರ ದೇವರಿದ್ದಾನೆ. ಆಡಲಿ ಪಕ್ಷದ ದೇವರು ನ್ಯೂಯಾರ್ಕ್ ನಿಕ್ಸ್ ತಂಡದ ನಾಯಕ ವಿಲ್ಲಿಸ್ ರೀಡ್. 1970ರ ಫೈನಲ್ಸ್, ಎದುರು ಲೇಕರ್ಸ್. ಫೈನಲ್ಸ್ ಅಂದರೆ ಒಂದೇ ಪಂದ್ಯವಲ್ಲ, ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರು ಚಾಂಪಿಯನ್. ಐದನೇ ಪಂದ್ಯದಲ್ಲಿ ತೊಡೆಯ ಸ್ನಾಯು ಹರಿದು ರೀಡ್ ಬಿದ್ದ. ಆರನೇ ಪಂದ್ಯಕ್ಕೆ ಇಳಿಯಲೇ ಇಲ್ಲ. ಲೇಕರ್ಸ್‌ನ ವಿಲ್ಟ್ ಚೇಂಬರ್ಲಿನ್‌ಗೆ ತಡೆಯುವವರೇ ಇಲ್ಲದೆ 45 ಪಾಯಿಂಟ್ ಹೊಡೆದ. ಮೇ 8ರಂದು ಏಳನೇ ಪಂದ್ಯ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಎರಡೂ ತಂಡ ಪ್ರಾಕ್ಟೀಸ್ ಮಾಡುತ್ತಿದ್ದಾಗ ರೀಡ್ ಇಂಜೆಕ್ಷನ್ ಚುಚ್ಚಿಸಿಕೊಂಡು ಕುಂಟುತ್ತಾ ಕೋರ್ಟಿಗೆ ಬಂದ. ಕ್ರೀಡಾಂಗಣವೇ ಕಿತ್ತುಹೋಗುವ ಹಾಗೆ ಜನ ಕೂಗಿದರು. ತನ್ನ ಮೊದಲ ಎರಡು ಎಸೆತವನ್ನೂ ಬುಟ್ಟಿಗೆ ಹಾಕಿದ. ನಿಕ್ಸ್ 113-99ರಲ್ಲಿ ಗೆದ್ದು ಮೊದಲ ಸಲ ಚಾಂಪಿಯನ್ ಆಯಿತು. ಇಷ್ಟು ಹೇಳಿ ಆಡಲಿ ಪಕ್ಷದವರು ಕೈ ಕಟ್ಟಿ ನಿಲ್ಲುತ್ತಾರೆ.

ಅವರು ಹೇಳದೆ ಬಿಡುವುದು ಇಷ್ಟು. ರೀಡ್ ಆ ದಿನ ಹೊಡೆದದ್ದು ಒಟ್ಟು 4 ಪಾಯಿಂಟ್. ಆ ಎರಡು ಎಸೆತ ಬಿಟ್ಟರೆ ಇನ್ನೊಂದಿಲ್ಲ. ಪಂದ್ಯ ಗೆಲ್ಲಿಸಿದ್ದು ವಾಲ್ಟ್ ಫ್ರೇಜಿಯರ್. 36 ಪಾಯಿಂಟ್, 19 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಚೆಂಡು ಕೊಟ್ಟದ್ದು). ಏಳನೇ ಪಂದ್ಯದಲ್ಲಿ ಹೀಗೆ ಆಡಿದವರು ಎಷ್ಟು ಜನ ಇದ್ದಾರೆ? ಆದರೂ ಐವತ್ತು ವರ್ಷ ದಾಟಿದ ಮೇಲೂ ಜನ ಹೇಳುವುದು ರೀಡ್ ಕುಂಟಿದ ಕಥೆಯನ್ನೇ. ಪಾಪ ಫ್ರೇಜಿಯರ್, ಎರಡೂ ಕಾಲು ಗಟ್ಟಿಯಾಗಿದ್ದದ್ದೇ ಅವನ ತಪ್ಪು.

ಕೂರಲಿ ಪಕ್ಷದ ದೇವರು ಕೆವಿನ್ ಡ್ಯುರಾಂಟ್. 2019ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಪರ ಆಡುತ್ತಿದ್ದ. ಮೇ 8ರಂದು, ರೀಡ್ ಕುಂಟಿದ ಅದೇ ತಾರೀಖು ನೋಡಿ, ಹ್ಯೂಸ್ಟನ್ ವಿರುದ್ಧ ಆಡುವಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಒಂದು ತಿಂಗಳು ಹೊರಗೆ. ‘ವಾಸಿಯಾಗಿದೆ, ಸುಮ್ನೆ ಆಡ್ತಿಲ್ಲ’ ಅನ್ನುವ ಗುಸುಗುಸು ಶುರುವಾಗಿತ್ತು. ಫೈನಲ್ಸ್‌ನಲ್ಲಿ ತಂಡ ಟೊರೊಂಟೊ ಎದುರು 3-1ರಲ್ಲಿ ಹಿಂದೆ ಬಿತ್ತು. ಜೂನ್ 10ರ ಐದನೇ ಪಂದ್ಯಕ್ಕೆ ಡ್ಯುರಾಂಟ್ ಇಳಿದ. ಹನ್ನೆರಡು ನಿಮಿಷದಲ್ಲಿ 11 ಪಾಯಿಂಟ್ ಹೊಡೆದ. ಆಮೇಲೆ ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟಿರುವ ದಪ್ಪ ಸ್ನಾಯುಬಂಧ, ಅಕಿಲಿಸ್, ಹರಿದುಹೋಯಿತು. ಟೊರೊಂಟೊ ಜನರಲ್ಲಿ ಕೆಲವರು ಚಪ್ಪಾಳೆ ಹೊಡೆದರು. ಅವರ ಆಟಗಾರರೇ ಕೈ ಎತ್ತಿ ಸುಮ್ಮನಿರಿ ಅಂದರು. ವಾರಿಯರ್ಸ್ ಆ ಪಂದ್ಯವನ್ನು ಒಂದೇ ಒಂದು ಪಾಯಿಂಟಿನಿಂದ ಗೆದ್ದಿತು, ಮುಂದಿನದರಲ್ಲಿ ಸೋತು ಸರಣಿ ಕಳೆದುಕೊಂಡಿತು. ಡ್ಯುರಾಂಟ್ ಮುಂದಿನ ಸೀಸನ್ ಪೂರ್ತಿ ಕೂತ. ತಂಡದ ಮ್ಯಾನೇಜರ್ ಕಣ್ಣೀರು ಹಾಕಿ, ಬೈಯುವುದಿದ್ದರೆ ನನ್ನನ್ನು ಬೈಯಿರಿ ಅಂದ. ಗುಸುಗುಸು ಮಾಡಿದವರು ಮಾತ್ರ ಆ ಹೊತ್ತಿಗೆ ಎಲ್ಲೂ ಕಾಣಲಿಲ್ಲ.

ಹಾಗಂತ ಕೂರಲಿ ಪಕ್ಷಕ್ಕೆ ಓಟು ಹಾಕೋಣ ಅಂದರೆ 2022 ಅಡ್ಡ ಬರುತ್ತದೆ. ಅದೇ ವಾರಿಯರ್ಸ್, ಸ್ಟೀಫನ್ ಕರಿ. ಆಗ ಅವನಿಗೆ 34 ವರ್ಷ. ಮಾರ್ಚ್ ಮಧ್ಯದಲ್ಲಿ ಎಡಪಾದಕ್ಕೆ ಪೆಟ್ಟಾಗಿ ಲೀಗಿನ ಕೊನೆಯ ಹನ್ನೆರಡು ಪಂದ್ಯ ತಪ್ಪಿಹೋಯಿತು. ನೇರವಾಗಿ ಪ್ಲೇಆಫ್‌ಗೆ ಬಂದ. ಬಂದರೂ ಮೊದಲ ನಾಲ್ಕು ಪಂದ್ಯ ಬೆಂಚಿನಿಂದಲೇ ಎದ್ದು ಬಂದ. ಅಷ್ಟು ದೊಡ್ಡ ಆಟಗಾರ ಬೆಂಚಿನಿಂದ ಬರುವುದೇ ಅಂತ ಮುಖ ಸಿಂಡರಿಸಿದವರಿದ್ದರು. ಎರಡನೇ ಪಂದ್ಯದಲ್ಲಿ 23 ನಿಮಿಷ ಆಡಿ 34 ಪಾಯಿಂಟ್ ಹೊಡೆದ. ಜೂನ್‌ನಲ್ಲಿ ಚಾಂಪಿಯನ್. ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿದರು. ‘ಎಷ್ಟು ಚೆನ್ನಾಗಿ ನಿಭಾಯಿಸಿದರು ನೋಡಿ’ ಅಂದರು. 2025ರ ಫೈನಲ್ಸ್‌ನಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಹಿಡಿದುಕೊಂಡ ಮೀನಖಂಡದಲ್ಲೇ ಏಳನೇ ಪಂದ್ಯಕ್ಕೆ ಇಳಿದು, ಮೂರು ತ್ರೀ ಪಾಯಿಂಟರ್ ಹಾಕಿ, ಮೊದಲ ಕ್ವಾರ್ಟರ್‌ನಲ್ಲೇ ಅಕಿಲಿಸ್ ಹರಿದುಕೊಂಡು ಬಿದ್ದಾಗ ಅದೇ ಬಾಯಿಗಳು ಡಾಕ್ಟರುಗಳನ್ನು ಬೈದವು. ಮತ್ತೆ ಅಂಥದ್ದೇ ಸಂದರ್ಭ ಬಂದರೆ ಮತ್ತೆ ಆಡುತ್ತೇನೆ ಅಂತ ಅವನೇ ಹೇಳಿದ್ದು ಯಾವ ಪಕ್ಷಕ್ಕೂ ಬೇಕಾಗಿರಲಿಲ್ಲ.

ನಡುವೆ ಲೆಕ್ಕದ ಜನರೂ ಇದ್ದಾರೆ. ಮೊದಲ ಆರು ಸ್ಥಾನದವರು ಸೀದಾ ಪ್ಲೇಆಫ್‌ಗೆ, ಏಳರಿಂದ ಹತ್ತರವರೆಗಿನವರು ಪ್ಲೇ-ಇನ್ ಅನ್ನುವ ಅರ್ಹತಾ ಪಂದ್ಯ ಆಡಿ ಬರಬೇಕು. ಹಾಗಾಗಿ ಆರನೇ ಸ್ಥಾನ ಸಿಕ್ಕರೆ ಹಿರಿಯರಿಗೆ ಇನ್ನೊಂದು ವಾರ ವಿಶ್ರಾಂತಿ ಸಿಗುತ್ತದೆ. ಆದರೆ ಆರನೇ ಸ್ಥಾನ ಸಿಗಬೇಕಾದರೆ ಹಿರಿಯರು ಈಗಲೇ ಬಂದು ಆಡಬೇಕು. ಇದನ್ನು ಬಿಡಿಸಿದವರು ಯಾರೂ ಇಲ್ಲ. ‘ಅವನಿಲ್ಲದೇ ಐದು ಪಂದ್ಯ ಗೆದ್ದಿದ್ದೀವಿ, ಈಗ ಬಂದು ಲಯ ಕೆಡಿಸ್ತಾನೆ’ ಅನ್ನುವವನೂ ಇದೇ ಗುಂಪಿನವನು. ಇವನ ಮಾತು ಕೇಳಲು ಕಟು, ಆದರೆ ತಳ್ಳಿಹಾಕುವಂಥದ್ದಲ್ಲ. ಹೊಸ ಹುಡುಗರು ಚೆಂಡು ಹಂಚಿಕೊಂಡು ಓಡುವುದನ್ನು ಕಲಿತಿರುತ್ತಾರೆ. ಹಿರಿಯ ಬಂದ ಕೂಡಲೇ ಎಲ್ಲರೂ ಅವನ ಕಡೆ ನೋಡುತ್ತಾ ನಿಂತುಬಿಡುತ್ತಾರೆ.

ನನಗೆ ಬಹಳ ಕಾಡಿದ್ದು ಕೋಬಿ ಬ್ರಯಂಟ್. 2013ರ ಏಪ್ರಿಲ್. ಲೇಕರ್ಸ್ ಹೇಗಾದರೂ ಪ್ಲೇಆಫ್ ಸೇರಬೇಕು ಅಂತ ಒದ್ದಾಡುತ್ತಿತ್ತು. 34 ವರ್ಷದ ಕೋಬಿ ಏಪ್ರಿಲ್ 10ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 48ಕ್ಕೆ 48 ನಿಮಿಷವೂ ಆಡಿ 47 ಪಾಯಿಂಟ್ ಹೊಡೆದ. ಎರಡು ದಿನ ಬಿಟ್ಟು ಅಕಿಲಿಸ್ ಹರಿಯಿತು. ಹರಿದ ಮೇಲೆ ಎರಡು ಫ್ರೀ ಥ್ರೋ, ಅಂದರೆ ಫೌಲಿಗೆ ಸಿಗುವ ತಡೆಯಿಲ್ಲದ ಎಸೆತ, ಇತ್ತು. ನಿಧಾನವಾಗಿ ಗೆರೆಗೆ ಹೋಗಿ, ಎರಡನ್ನೂ ಹಾಕಿ, ತನ್ನ ಕಾಲಲ್ಲೇ ನಡೆದುಕೊಂಡು ಒಳಗೆ ಹೋದ. ಲೇಕರ್ಸ್ ಆ ಪಂದ್ಯವನ್ನು ಎರಡೇ ಪಾಯಿಂಟಿನಿಂದ ಗೆದ್ದಿತು. ಆ ಎರಡೇ ಈ ಎರಡು ಅಂತ ಅಭಿಮಾನಿಗಳು ಎದೆ ಉಬ್ಬಿಸಿಕೊಂಡು ಹೇಳುತ್ತಾರೆ. ಪ್ಲೇಆಫ್‌ನಲ್ಲಿ ಸ್ಯಾನ್ ಆಂಟೋನಿಯೊ ಕೈಯಲ್ಲಿ 4-0 ಸೋತದ್ದನ್ನು ಹೇಳುವುದಿಲ್ಲ. ಎಂಟು ತಿಂಗಳ ನಂತರ ಕೋಬಿ ವಾಪಸ್ ಬಂದ, ಆರು ಪಂದ್ಯ ಆಡಿದ, ಮಂಡಿ ಮುರಿದುಕೊಂಡ. ಆಡಿದ್ದು ಸರಿಯಾ ತಪ್ಪಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆ ಎರಡು ಫ್ರೀ ಥ್ರೋ ನೋಡದೇ ಇರಬೇಕಿತ್ತಾ ಅಂದರೆ, ಇಲ್ಲ ಅನ್ನುತ್ತೇನೆ. ಅಭಿಮಾನಿಯ ಸ್ವಾರ್ಥ ಇರುವುದೇ ಇಲ್ಲಿ. ನೋವು ಅವನದು, ನೆನಪು ಮಾತ್ರ ನಮ್ಮದು.

ಈ ವಿಷಯದಲ್ಲಿ ಅತ್ಯಂತ ಚೊಕ್ಕ ಮಾತು ಆಡಿದ್ದು ಆಗಿನ್ನೂ 23ರ ಹುಡುಗನಾಗಿದ್ದ ಮೈಕಲ್ ಜೋರ್ಡನ್. 1985ರ ಕೊನೆಗೆ ಪಾದದ ಮೂಳೆ ಮುರಿದು ತಿಂಗಳುಗಟ್ಟಲೆ ಹೊರಗಿದ್ದ. ಮತ್ತೆ ಮುರಿಯುವ ಸಾಧ್ಯತೆ ಹತ್ತರಲ್ಲಿ ಒಂದು ಅಂದರು ಡಾಕ್ಟರು. ತಲೆನೋವಿಗೆ ಹತ್ತು ಮಾತ್ರೆ ಇದೆ, ಅದರಲ್ಲಿ ಒಂದು ವಿಷ ಅಂದರೆ ನುಂಗ್ತೀಯಾ ಅಂತ ತಂಡದ ಮಾಲೀಕ ಕೇಳಿದ. ತಲೆನೋವು ಎಷ್ಟಿದೆ ಅನ್ನೋದರ ಮೇಲೆ ಹೋಗುತ್ತೆ ಅಂದ ಜೋರ್ಡನ್. ಕೊನೆಗೆ ನಿಮಿಷ ಲೆಕ್ಕ ಹಾಕಿ ಆಡಿಸಿದರು. ಪ್ಲೇಆಫ್‌ನಲ್ಲಿ ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 63 ಪಾಯಿಂಟ್ ಹೊಡೆದ. ಪ್ಲೇಆಫ್‌ನಲ್ಲಿ ಇವತ್ತಿಗೂ ಅದೇ ದಾಖಲೆ. ಆ ಪಂದ್ಯ, ಆ ಸರಣಿ ಎರಡೂ ಸೋತರು, ಅದು ಬೇರೆ ಮಾತು. ತಲೆನೋವು ಎಷ್ಟು ಜೋರು ಅಂತ ತಲೆ ಇದ್ದವನೇ ಹೇಳಬೇಕು. ಮೂವತ್ತೈದರವನ ತಲೆನೋವು ಜಾಸ್ತಿಯೇ ಇರುತ್ತದೆ, ಅಲ್ವಾ?

ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಸ್ಟೀಫನ್ ಕರಿಯ ದಾರಿ ಅನ್ನುತ್ತೇನೆ. ಬೆಂಚಿನಿಂದ ಬರಲಿ, ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಜಾಸ್ತಿ ಬೇಡ. ಪೆಟ್ಟು ಮೀನಖಂಡಕ್ಕೆ ಆಗಿದ್ದರೆ ಅದೂ ಬೇಡ, ಕೋಟು ಹಾಕಿಕೊಂಡು ಕೂತಿರಲಿ. ಇದು ನಾನು ಪಂದ್ಯಕ್ಕೆ ಮುಂಚೆ ಹೇಳುವ ಮಾತು. ಕೊನೆಯ ಕ್ವಾರ್ಟರ್‌ನಲ್ಲಿ ತಂಡ ಮೂರು ಪಾಯಿಂಟ್ ಹಿಂದಿದ್ದು, ಅವನ ಇಪ್ಪತ್ತು ನಿಮಿಷ ಮುಗಿದಿದ್ದರೆ, ‘ಇನ್ನು ಎರಡೇ ನಿಮಿಷ ಬಿಡ್ರೀ’ ಅಂತ ಟೀವಿ ಮುಂದೆ ಮೊದಲು ಕೂಗುವವನೂ ನಾನೇ.