ಸತ್ಯಾಂಶ: ಚೀನಾದ ಕಂಚಿನ ಕನ್ನಡಿಯೊಳಗಿಂದ ಬೆಳಕು ಹಾಯುವುದಿಲ್ಲ

ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ಕೆಲವು ಕಂಚಿನ ಕನ್ನಡಿಗಳು ಪಾರದರ್ಶಕ, ಆ ವಿದ್ಯೆ ಇಂದಿಗೂ ನಿಗೂಢ ಎಂಬ ಸಂದೇಶ ಆಗಾಗ ಬರುತ್ತದೆ. ಬಿಸಿಲಿಗೆ ಹಿಡಿದರೆ ಹಿಂಬದಿಯ ಚಿತ್ತಾರ ಗೋಡೆಯ ಮೇಲೆ ಮೂಡುವುದು ನಿಜ. ಬೆಳಕು ಲೋಹವನ್ನು ದಾಟುತ್ತದೆ ಎಂಬುದು ತಪ್ಪು.

ಸುಮಾರು ಕಾಲು ಭಾಗ ತವರ ಬೆರೆತ ಈ ಕಂಚು ಬೆಳ್ಳಗೆ, ಗಡಸು, ಬಿದ್ದರೆ ಒಡೆಯುತ್ತದೆ. ಮುಂಬದಿಯನ್ನು ಉಜ್ಜಿ ಸವೆಸುವಾಗ ಚಿತ್ತಾರವಿಲ್ಲದ ತೆಳು ಜಾಗ ತುಸು ಹೆಚ್ಚು ಉಬ್ಬುತ್ತದೆ, ಚಿತ್ತಾರವಿರುವ ದಪ್ಪ ಜಾಗ ಚಪ್ಪಟೆಯಾಗಿ ಉಳಿಯುತ್ತದೆ. ವ್ಯತ್ಯಾಸ ಮೈಕ್ರಾನ್‌ಗಳಷ್ಟೇ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಬೆರಳಿಗೂ ಸಿಗದು. ಉಬ್ಬು ಬೆಳಕನ್ನು ಚದುರಿಸುತ್ತದೆ, ಚಪ್ಪಟೆ ಭಾಗ ಗೋಡೆಯಲ್ಲಿ ಹೊಳೆಯುತ್ತದೆ. ಮುಖದ ಮೇಲೆ ಅಡಗಿದ ಗುರುತಿದೆ ಎಂದು 11ನೇ ಶತಮಾನದಲ್ಲೇ ಚೀನಾದ ವಿದ್ವಾಂಸ ಷೆನ್ ಕುವೋ ಬರೆದಿದ್ದ, ಎಂಥ ಸೂಕ್ಷ್ಮ ಕಣ್ಣು!

ವಿಡಿಯೊ ಬಂದರೆ ಗೋಡೆ ಯಾವ ಕಡೆಗಿದೆ ನೋಡಿ: ಹೊಳಪು ಮುಖದ ಎದುರಿಗೇ ಇರುತ್ತದೆ. ಕನ್ನಡಿಯ ಬೆನ್ನಿಗೆ ದಪ್ಪ ಬಟ್ಟೆ ಮುಚ್ಚಿದರೂ ಚಿತ್ತಾರ ಮಾಯವಾಗದು.