ನಂಬಿಕೆ ಎರಡೂ ಕಡೆಯಿಂದ ಬೇಕಲ್ವಾ?

ತಿಳಿವಳಿಕೆ ಕಡಿಮೆ ಇರೋದರಿಂದಲೇ ರೈತರು ತಜ್ಞರನ್ನು ನಂಬಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಆ ಮಾತನ್ನು ನಾನು ಒಪ್ಪುವುದಿಲ್ಲ. ರೈತರ ಮಾತನ್ನು ತಜ್ಞರು ಎಷ್ಟು ನಂಬುತ್ತಾರೆ ಅಂತ ಲೇಖನ ಕೇಳುವುದೇ ಇಲ್ಲ. ನಮ್ಮದು ಆಳಂದ ಕಡೆಯ ತೊಗರಿ ಸೀಮೆ. ಹೂವಿನ ಹೊತ್ತಿಗೆ ಗಿಡ ಒಣಗತೊಡಗಿದಾಗ ನಮ್ಮ ದೊಡ್ಡವ್ವ, ಇದು ನೆಟೆ ರೋಗ, ಅಂದರೆ ಮಣ್ಣಿನ ಶಿಲೀಂಧ್ರದಿಂದ ಗಿಡ ಸೊರಗುವ ರೋಗ ಅಂದರು. ಗಿಡ ಕಿತ್ತು, ಕಾಂಡ ಸೀಳಿ, ಅದರ ಗುರುತಾದ ಒಳಗಿನ ಕಂದು ಗೆರೆ ತೋರಿಸಿದರು. ನೋಡಲು ಬಂದ ತಜ್ಞರು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ನೀರು ಕಡಿಮೆಯಾಗಿದೆ ಎಂದು ಬರೆದುಕೊಂಡರು. ಅದೇ ಗೆರೆಯನ್ನು ಡಿಗ್ರಿ ಓದಿದ ಅಣ್ಣ ತೋರಿಸಿದಾಗ ಮಾತ್ರ ಬಗ್ಗಿ ನೋಡಿದರು!

ಹೇಳುವವರು ಯಾರು ಅಂತ ನೋಡಿ ಮಾತಿನ ತೂಕ ಇಳಿಸುವುದನ್ನೇ ತತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಜ್ಞಾನದ ವಿಷಯದಲ್ಲಿ ನಡೆಯುವ ಅನ್ಯಾಯ ಎಂದು ಬಿಡಿಸಿ ಹೇಳಿದ್ದು. ಇದರಲ್ಲಿ ಹೇಳಿದವರಿಗಷ್ಟೇ ಅಲ್ಲ, ಕೇಳದವರಿಗೂ ನಷ್ಟ. ನೆಟೆಯ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ನೀರು ಹಾಯಿಸಿದರೆ ಹೋಗಲ್ಲ. ನೀರು ಕಡಿಮೆ ಅಂತ ಬರೆದುಕೊಂಡು ಹೋದವರ ಮುಂದಿನ ಮಾತನ್ನು ಊರು ಅನುಮಾನದಿಂದ ಕೇಳಿದರೆ ಅದು ಅಜ್ಞಾನವಾ? ಸುಮ್ನೆ ಹಟವೂ ಅಲ್ಲ. ಯಾರನ್ನು ಎಷ್ಟು ನಂಬಬೇಕು ಅಂತ ರೈತರೂ ಲೆಕ್ಕ ಹಾಕುತ್ತಾರೆ, ಲೇಖಕರು ಅದನ್ನೂ ಬರೆಯಬೇಕಿತ್ತು.